ಅಗುಳಿಗೊಂದು ಲಾಡಿ

ಆ ಬೀದಿಗೆ ಹೋಗಿ ಬಡಗಿಯ ಮನೆ ಯಾವುದು ಎಂದು ಕೇಳಿದರೆ, "ಯಾರು, ಉಲ್ಟಾ ಬಡಗೀನಾ?" ಎಂದು ಜನ ತಿರುಗಿ ಕೇಳುತ್ತಾರೆ. ಹಾಗೆ ಕೇಳುವಾಗ ಅವರ ತುಟಿಯಂಚಿನಲ್ಲಿ ಒಂದು ನಗು ಇರುತ್ತದೆ. ಕೆಲಸದಲ್ಲಿ ಅವನನ್ನು ಉಲ್ಟಾ ಎನ್ನುವಂತಿಲ್ಲ. ಮರ ಆರಿಸುವುದರಲ್ಲಿ, ಸಂದು ಕೂಡಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಆದರೆ ಬಚ್ಚಲಿಗೆ ಬಾಗಿಲು ಮಾಡಿಕೊಡಿ ಎಂದರೆ ಸಾಕು, ಎಲ್ಲರೂ ಒಳಕ್ಕೆ ತೆರೆಯುವ ಬಾಗಿಲನ್ನು ಅವನು ಹೊರಕ್ಕೆ ತೆರೆಯುವಂತೆ ಕೂರಿಸುತ್ತಾನೆ. ಅಗುಳಿಯ ಪಕ್ಕದಲ್ಲಿ ಒಂದು ಮೊಳವಾದರೂ ಗೋಡೆ ಖಾಲಿ ಇರಬೇಕು ಎಂದು ಹಟ ಹಿಡಿಯುತ್ತಾನೆ. ಎಲ್ಲ ಮುಗಿದ ಮೇಲೆ, ಥಳಥಳ ಹೊಳೆಯುವ ಬಾಗಿಲಿನ ಒಳಗಡೆಯ ಅಗುಳಿಗೆ ಲಂಗಕ್ಕೆ ಪೋಣಿಸುವಂಥ ಒಂದು ಉದ್ದನೆಯ ಲಾಡಿ ಕಟ್ಟಿ ಬರುತ್ತಾನೆ.

"ಇದೇನ್ರೀ, ಬಾಗಿಲಿಗೆ ಲಂಗ ಉಡಿಸಿದ್ದೀರಾ?" ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ.

"ಬೇಡ ಅಂದ್ರೆ ಬಿಚ್ಚಿ ಬಿಸಾಕಿ. ನಾನಂತೂ ಕಟ್ಟದೆ ಹೋಗಲ್ಲ," ಎನ್ನುತ್ತಾನೆ ಅವನು.

ಬಹಳಷ್ಟು ಜನ ಬಿಚ್ಚಿ ಬಿಸಾಡುತ್ತಾರೆ. ನಗುವವರು ನಗಲಿ ಪಾಪ, ಅವರಿಗೇನು ಗೊತ್ತು. ಗೊತ್ತಿದ್ದ ನಾಲ್ಕು ಮನೆಯವರು ಆ ಲಾಡಿಯನ್ನು ಕಂಡರೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ.

ಚಿಕ್ಕವನಿದ್ದಾಗಲೇ ಅವನು ಒಬ್ಬ ಮುದಿ ಬಡಗಿಯ ಕೈಕೆಳಗೆ ಕೆಲಸ ಕಲಿತವನು. ಆ ಗುರು ಬೈಗುಳ ಬಿಟ್ಟು ಬೇರೆ ಮಾತು ಆಡಿದವನಲ್ಲ, ಆದರೆ ಕಲಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ಕಲಿಸಿದ. ಬಚ್ಚಲ ಬಾಗಿಲಿಗೆ ಅವನದೊಂದು ಕಟ್ಟುಪಾಡಿತ್ತು. ಬಾಗಿಲನ್ನು ಕೋಣೆಯ ಮೂಲೆಗೆ ಒತ್ತಿ ಕೂರಿಸಬೇಕು, ಕೀಲುಗಳು ಆಚೆ ಬದಿಗೆ, ಅಗುಳಿ ಮೂಲೆಯ ಬದಿಗೆ, ತೆರೆಯುವುದು ಒಳಕ್ಕೆ. ಹಾಗಿದ್ದರೆ, ಯಾರಾದರೂ ಮರೆತು ಬಾಗಿಲು ನೂಕಿದರೂ ಅವರ ಕಣ್ಣಿಗೆ ಬೀಳುವುದು ಬರೀ ಮೂಲೆಯ ಗೋಡೆ. ಒಳಗೆ ಸ್ನಾನ ಮಾಡುತ್ತಿದ್ದವರು ಬಾಗಿಲಿನ ಮರೆಯಲ್ಲೇ ಉಳಿಯುತ್ತಾರೆ.

"ಮುಂಬಾಗಿಲು ಮನೆ ಕಾಯತ್ತೆ ಕಣೋ, ಬಚ್ಚಲ ಬಾಗಿಲು ಮಾನ ಕಾಯತ್ತೆ," ಎಂದು ಗುರು ಹೇಳುತ್ತಿದ್ದ. ಬೈಗುಳವಿಲ್ಲದೆ ಅವನ ಬಾಯಿಂದ ಬಂದ ಮಾತು ಇದೊಂದೇ ಆದ್ದರಿಂದ ಶಿಷ್ಯ ಅದನ್ನು ಎದೆಯಲ್ಲಿಟ್ಟುಕೊಂಡ. ಉಲ್ಟಾ ಬಡಗಿ ಎನಿಸಿಕೊಳ್ಳುವ ಮುಂಚೆ ಎಷ್ಟು ಮನೆಗಳಿಗೆ ಬಾಗಿಲು ಕೂರಿಸಿದರೂ ಆ ಕಟ್ಟುಪಾಡನ್ನು ಮಾತ್ರ ಮೀರಲಿಲ್ಲ.

ಅವನ ಹೆಂಡತಿ ಟೈಲರ್. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅರ್ಧ ಅವನ ಕಾರ್ಖಾನೆ, ಅರ್ಧ ಅವಳದು. ಈಚೆ ಗರಗಸ, ಆಚೆ ಹೊಲಿಗೆ ಮೆಷಿನ್ನು. ಇವನು ಮರ ಉಜ್ಜಿದರೆ ಹೊಟ್ಟು ಹಾರಿ ಅವಳ ಹೊಸ ಬಟ್ಟೆಗಳ ಮೇಲೆ ಕೂರುತ್ತಿತ್ತು.

"ರೀ, ಮದುವೆ ಹೆಣ್ಣಿನ ಬ್ಲೌಸು ಇದು. ಅವಳು ಸೀನ್ಕೊಂಡೇ ತಾಳಿ ಕಟ್ಟಿಸ್ಕೋಬೇಕಾ?"

"ನಿನ್ನ ದಾರದ ತುಂಡು ನನ್ನ ಪಾಲಿಶ್ ಒಳಗೆ ಬೀಳತ್ತಲ್ಲ, ಅದನ್ಯಾರು ಕೇಳ್ಬೇಕು?"

ಇಂಥ ಜಗಳ ದಿನಕ್ಕೊಂದಾದರೂ ಇಲ್ಲದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಅವಳ ನಾಲಿಗೆ ಕತ್ತರಿಗಿಂತ ಚುರುಕು. ಆದರೆ ಗಂಡನ ಕೈಕೆಲಸವನ್ನು ಮಾತ್ರ ಅವಳು ಹೊರಗಿನವರ ಮುಂದೆ ಒಮ್ಮೆಯೂ ಬಿಟ್ಟುಕೊಟ್ಟವಳಲ್ಲ. ಯಾರಾದರೂ ಅವನ ಬಾಗಿಲಿನಲ್ಲಿ ಕೊಂಕು ತೆಗೆದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಬರುತ್ತಿದ್ದಳು. ಇದೊಂದನ್ನು ನೆನಪಿಡಬೇಕು, ಮುಂದಿನದೆಲ್ಲ ನಡೆದದ್ದು ಇದರಿಂದಲೇ.

ಮಗಳು ಮದುವೆಯಾಗಿ ಪಕ್ಕದ ಬೀದಿ ಸೇರಿದ ಮೇಲೆ ಒಂದು ದಿನ ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದಳು. ಬೆನ್ನುಮೂಳೆಗೆ ಏಟಾಯಿತು. ಆಸ್ಪತ್ರೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಸೊಂಟದಿಂದ ಕೆಳಗಿನದು ಮಾತ್ರ ತಿರುಗಿ ಬರಲಿಲ್ಲ. ಮೆಷಿನ್ನಿನ ಪೆಡಲ್ ತುಳಿದು ತುಳಿದು ಗಟ್ಟಿಯಾಗಿದ್ದ ಕಾಲುಗಳು ಗಾಲಿಕುರ್ಚಿಯ ಪಾದದ ಹಲಗೆಯ ಮೇಲೆ ಯಾರದೋ ಕಾಲುಗಳಂತೆ ಸುಮ್ಮನೆ ಕುಳಿತವು.

ಮನೆಗೆ ಬಂದ ದಿನವೇ ಬಚ್ಚಲ ಬಾಗಿಲು ಅವಳನ್ನು ತಡೆಯಿತು. ಕುರ್ಚಿ ಒಳಗೆ ಹೋಗಲಿಲ್ಲ. ಬಡಗಿಗಳ ಮನೆಗಳೆಲ್ಲ ಹೀಗೆಯೇ. ಒಳ್ಳೆಯ ಮರವೆಲ್ಲ ಗಿರಾಕಿಗೆ, ಮಿಕ್ಕ ತುಂಡು ಹಲಗೆ ಸ್ವಂತ ಮನೆಯ ಬಚ್ಚಲಿಗೆ. ಇದ್ದ ಹಲಗೆಯಷ್ಟೇ ಅಗಲದ ಬಾಗಿಲು. ಅವನು ಹೆಂಡತಿಯನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋದ. ಸ್ನಾನ ಮಾಡಿಸಿದ, ಒರೆಸಿದ, ಎತ್ತಿಕೊಂಡು ಬಂದ. ಬಾಗಿಲು ತೆರೆದೇ ಇರಬೇಕಾಗುತ್ತಿತ್ತು, ಇಬ್ಬರಿಗೆ ಒಳಗೆ ಜಾಗವೆಲ್ಲಿ? ಮಗಳು ಬಂದ ದಿನ ಮಗಳು ಮಾಡಿಸುತ್ತಿದ್ದಳು.

ಅವಳು ಏನೂ ಅನ್ನುತ್ತಿರಲಿಲ್ಲ. ಅದೇ ಅವನಿಗೆ ಗಾಬರಿ. ಬಾಯಿ ಜೋರಿದ್ದ ಹೆಂಗಸು ಬಚ್ಚಲಲ್ಲಿ ಮಾತ್ರ ಕಣ್ಣುಮುಚ್ಚಿಕೊಂಡು, ಮುಗಿಯುವವರೆಗೂ ಉಸಿರು ಬಿಗಿಹಿಡಿದವಳಂತೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಅವನು ತಲೆ ಒರೆಸುತ್ತಿದ್ದಾಗ ಟವೆಲ್ಲಿನ ಒಳಗಿಂದಲೇ ಹೇಳಿದಳು:

"ರೀ, ನಂಗೊಂದು ಬಾಗಿಲು ಮಾಡಿಕೊಡಿ."

"ಎಂಥಾದ್ದು?"

"ನಾನೇ ಒಳಗೆ ಹೋಗಿ, ನಾನೇ ಹಾಕ್ಕೊಳ್ಳೋ ಅಂಥಾದ್ದು. ಅಳೋಕಾದ್ರೂ ನಂಗೊಂದು ಜಾಗ ಬೇಡ್ವೇನ್ರೀ?"

ಅಷ್ಟು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಮಾಡಿಕೊಡಿ ಎಂದು ಕೇಳಿದ ಮೊದಲ ಬಾಗಿಲು ಅದು.

ಆಸ್ಪತ್ರೆಯಲ್ಲಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಒಬ್ಬ ಮೇಡಂ ಇದ್ದರು. ಮಗಳ ವಯಸ್ಸಿನವರು. ಅವರು ಮನೆಗೆ ಬಂದು ಟೇಪು ಹಿಡಿದು ಎಲ್ಲ ನೋಡಿದರು. ಚೌಕಟ್ಟಿನ ಅಗಲ ನಂಬಬೇಡಿ, ಬಾಗಿಲು ಪೂರ್ತಿ ತೆರೆದ ಮೇಲೆ ಉಳಿಯುವ ಜಾಗವನ್ನು ಅಳೆಯಿರಿ, ಬಾಗಿಲಿನ ದಪ್ಪವೂ ಜಾಗ ತಿನ್ನುತ್ತದೆ ಎಂದರು. ಗಾಲಿ ಉಜ್ಜದೆ, ಗಾಲಿ ನೂಕುವ ಕೈಯ ಗೆಣ್ಣು ತರಚದೆ ಹೋಗಬೇಕು ಎಂದರು. ಹೊಸ್ತಿಲು ಬೇಡ ಎಂದರು. ಒಳಗೆ ಕುರ್ಚಿ ಒಂದು ಸುತ್ತು ತಿರುಗುವಷ್ಟು ಜಾಗ ಬೇಕು ಎಂದರು. ಅವನು ಎಲ್ಲಕ್ಕೂ ತಲೆಯಾಡಿಸಿದ.

"ಆಮೇಲೆ ಅಂಕಲ್, ಬಾಗಿಲು ಹೊರಗಡೆ ತೆರೀಬೇಕು. ಅಗುಳಿ ಪಕ್ಕ ಒಂದು ಮೊಳ ಗೋಡೆ ಬಿಡಬೇಕು. ಮೂಲೆಗೆ ಒತ್ತಬೇಡಿ."

ಅಲ್ಲಿಗೆ ಅವನ ತಲೆ ಆಡುವುದು ನಿಂತಿತು. "ಬಚ್ಚಲ ಬಾಗಿಲು ಹೊರಗೆ ತೆಗೆದ್ರೆ ನೀರೆಲ್ಲ ನಡುಮನೆಗೆ ತೊಟ್ಟಿಕ್ಕತ್ತೆ ಮೇಡಂ. ಮೂಲೆ ಬಿಟ್ಟು ಕೂರಿಸಿದ್ರೆ, ಬಾಗಿಲು ತೆಗೆದವರ ಕಣ್ಣಿಗೆ ಇಡೀ ಬಚ್ಚಲು ಕಾಣತ್ತೆ. ಒಳಗಿರೋರ ಮರ್ಯಾದೆ ಏನಾಗ್ಬೇಕು?"

"ಕೂತ್ಕೊಂಡಿರೋರಿಗೆ ಕೈ ಎಟುಕಬೇಕಲ್ಲ ಅಂಕಲ್."

"ಎಟುಕತ್ತೆ ಬಿಡಿ. ಅಗುಳೀನ ಕೆಳಗೆ, ಅವಳ ಭುಜದ ಮಟ್ಟಕ್ಕೇ ಇಡ್ತೀನಿ."

ಮೇಡಂ ಇನ್ನೂ ಏನೋ ಹೇಳಲು ಹೋದರು. ಹೆಂಡತಿ ನಡುವೆ ಬಂದಳು: "ಬಾಗಿಲ ವಿಷಯ ಅವರಿಗೆ ಬಿಡಿ ಮೇಡಂ. ಅದರಲ್ಲಿ ಅವರನ್ನ ಬಿಟ್ರೆ ಇಲ್ಲ." ಮೇಡಂ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ಯಾರು ತಾನೇ ವಾದ ಮಾಡಿಯಾರು? ಅದರಲ್ಲೂ ಮೊಲದ ಕಿವಿಯನ್ನು ಹೆಂಡತಿಯೂ ಹಿಡಿದುಕೊಂಡು ನಿಂತಾಗ.

ಅವನು ಪಕ್ಕದ ಉಗ್ರಾಣದ ಗೋಡೆ ಒಡೆಸಿ ಬಚ್ಚಲನ್ನು ದೊಡ್ಡದು ಮಾಡಿದ. ಹೊಸ್ತಿಲು ಕಿತ್ತ. ಯಾವುದೋ ದೊಡ್ಡ ಮನೆಯ ಮುಂಬಾಗಿಲಿಗೆಂದು ಎತ್ತಿಟ್ಟಿದ್ದ ಹಳೆಯ ಸಾಗುವಾನಿ ಹಲಗೆಗಳನ್ನು ಹೊರತೆಗೆದ. ಈ ಸಲ ತುಂಡು ಹಲಗೆಯ ಮಾತೇ ಇಲ್ಲ. ಎರಡು ಹಲಗೆ ಕೂಡಿದಲ್ಲಿ ಬೆರಳಾಡಿಸಿದರೆ ಸಂದು ಯಾವುದೆಂದು ತಿಳಿಯಬಾರದು, ಹಾಗೆ ಕೂಡಿಸಿದ. ಅಗುಳಿಯನ್ನು ಅಂಗಡಿಯಿಂದ ತರಲಿಲ್ಲ. ಅದನ್ನೂ ಮರದಲ್ಲೇ ಮಾಡಿ, ಮೇಣ ಸವರಿ, ಒಂದೇ ಬೆರಳಿನಲ್ಲಿ ಆಚೀಚೆ ಜಾರುವಂತೆ ನಯಮಾಡಿದ. ಮತ್ತು ಆ ಬಾಗಿಲನ್ನು, ಗುರುವಿನ ಮಾತಿನಂತೆ, ಮೂಲೆಗೆ ಒತ್ತಿ, ಅಗುಳಿ ಮೂಲೆಗೆ ಕೊಟ್ಟು, ಒಳಕ್ಕೆ ತೆರೆಯುವಂತೆ ಕೂರಿಸಿದ. ಅವಳ ಮಾನ ಕಾಯಬೇಕಾದ ಬಾಗಿಲು ತಾನೇ ಅದು?

ಮೊದಲ ದಿನ ಅವಳು ಕುರ್ಚಿ ನೂಕಿಕೊಂಡು ಒಳಗೆ ಹೋದಳು. ಗಾಲಿ ಎಲ್ಲೂ ಉಜ್ಜಲಿಲ್ಲ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಾದ ಮೇಲೆ ಅಗುಳಿ ಬಿದ್ದ ಸದ್ದು ಕೇಳಿತು. ಹೊರಗೆ ನಿಂತಿದ್ದವನಿಗೆ ಮೊದಲು ನೀರಿನ ಸದ್ದು, ಆಮೇಲೆ ಅಳು, ಅದರ ನಂತರ ಗುನುಗು ಕೇಳಿಸಿತು. ಅಷ್ಟು ತಿಂಗಳಲ್ಲಿ ಅವಳು ಗುನುಗಿದ್ದು ಅದೇ ಮೊದಲು. ಅವನು ಶೆಡ್ಡಿಗೆ ಹೋಗಿ, ಮಾಡಲು ಕೆಲಸವಿಲ್ಲದಿದ್ದರೂ ಒಂದು ತುಂಡು ಮರವನ್ನು ಸುಮ್ಮನೆ ಉಜ್ಜುತ್ತಾ ಕುಳಿತ. ಹೊರಗೆ ಬಂದಾಗ ಅವಳ ಮುಖ ಬೆವರಿತ್ತು. ಬಿಸಿನೀರಿನ ಬೆವರು ಎಂದುಕೊಂಡ.

"ಹೇಗಿದೆ?"

"ರಾಣಿ ಅಂತಃಪುರ ಇದ್ದ ಹಾಗಿದೆ," ಎಂದಳು.

ಒಂದೆರಡು ವಾರ ಕಳೆದ ಮೇಲೆ ತನ್ನ ಹೊಲಿಗೆಯ ಮರದ ಅಳತೆಕಡ್ಡಿಯನ್ನು ಬಚ್ಚಲಿನಲ್ಲಿ ಇಡಿಸಿಕೊಂಡಳು. "ಟವೆಲ್ ಎಳ್ಕೊಳ್ಳೋಕೆ," ಎಂದಳು. ಅವನು ಹೆಚ್ಚು ಕೇಳಲಿಲ್ಲ. ಮತ್ತೊಂದು ದಿನ, ಅವನು ಒಳ್ಳೆಯ ಮೂಡಿನಲ್ಲಿದ್ದಾಗ, ಹೊಲಿಗೆಯಿಂದ ತಲೆಯೆತ್ತದೆಯೇ ಕೇಳಿದಳು:

"ರೀ, ಆ ಅಗುಳಿಗೊಂದು ಲಾಡಿ ಕಟ್ಟಿಕೊಡ್ತೀರಾ? ಉದ್ದಕ್ಕೆ."

"ಲಾಡೀನಾ? ಯಾಕೆ, ಬಾಗಿಲೇನು ಎತ್ತಾ, ಮೂಗುದಾರ ಹಾಕೋಕೆ?"

"ಸುಮ್ನೆ, ಎಳ್ಯೋಕೆ ಚೆನ್ನಾಗಿರತ್ತೆ."

"ನೋಡೇ, ಅಂಥಾ ಕೆಲಸ ನನ್ನ ಜನ್ಮದಲ್ಲೇ ಮಾಡಿಲ್ಲ. ಅದಕ್ಕೆ ಲಾಡಿ ನೇತುಹಾಕಿದ್ರೆ ನೋಡಿದವರು ಉಗೀತಾರೆ. ಬೆರಳಲ್ಲಿ ಮುಟ್ಟಿದ್ರೆ ಜಾರತ್ತೆ, ಇನ್ನೇನು ಬೇಕು ನಿಂಗೆ?"

ಅವಳು ನಕ್ಕುಬಿಟ್ಟಳು. "ಆಯ್ತು ಮಾರಾಯ್ರೇ, ನಿಮ್ಮ ಬಾಗಿಲಿನ ಸೊಕ್ಕು ನಿಮಗೇ ಇರಲಿ," ಎಂದು ಮೆಷಿನ್ನಿನ ಚಕ್ರ ತಿರುಗಿಸಿದಳು. ಪೆಡಲಿಲ್ಲದೆ ಕೈಯಲ್ಲೇ ತಿರುಗಿಸಿ ಹೊಲಿಯುವುದನ್ನು ಆಗ ತಾನೇ ಕಲಿತಿದ್ದಳು. ಆ ಮಾತು ಅಲ್ಲಿಗೆ ಮುಗಿಯಿತು. ಅಯ್ಯೋ, ಅಲ್ಲಿಗೇ ಯಾಕೆ ಮುಗಿಯಬೇಕಿತ್ತು? ದಿನಾ ಜಗಳವಾಡುವ ಹೆಂಗಸು ಅದೊಂದು ದಿನವೂ ಜಗಳವಾಡಬಾರದಿತ್ತೇ?

ಅದಾಗಿ ಒಂದು ಬೆಳಿಗ್ಗೆ ಅವನು ಶೆಡ್ಡಿನಲ್ಲಿ ಕಿಟಕಿಯ ಚೌಕಟ್ಟೊಂದನ್ನು ಕೂಡಿಸುತ್ತಿದ್ದ. ಬಚ್ಚಲಿನಲ್ಲಿ ನೀರು ನಿಂತಿತು. ಗುನುಗು ನಿಂತಿತು. ಆಮೇಲೆ ಏನೋ ಧೊಪ್ಪನೆ ಬಿತ್ತು, ಕಬ್ಬಿಣ ಕಲ್ಲಿಗೆ ಬಡಿದ ಸದ್ದಾಯಿತು.

"ರೀ," ಎಂದಳು ಅವಳು. ಕೂಗಲಿಲ್ಲ. ಪಕ್ಕದಲ್ಲಿದ್ದವನನ್ನು ಕರೆದ ಹಾಗೆ ಕರೆದಳು.

ಬಾಗಿಲಿಗೆ ಅಗುಳಿ ಬಿದ್ದಿತ್ತು. ಉಳಿ ತೂರಿಸಲು ಸಂದು ಹುಡುಕಿದ. ಕೂದಲು ತೂರದಂತೆ ಕೂರಿಸಿದವನು ತಾನೇ. ಬಡಿದು, ಚೌಕಟ್ಟು ಸೀಳಿ, ಹೇಗೋ ಅಗುಳಿ ಮುರಿದ. ಬಾಗಿಲು ಒಂದು ಬೆರಳಿನಷ್ಟು ಒಳಗೆ ಹೋಗಿ ನಿಂತಿತು. ನೂಕಿದ. ಅವಳು ಚೀರಿದಳು. ಕುರ್ಚಿ ಮಗುಚಿ ಅವಳ ಮೇಲೆ ಬಿದ್ದಿತ್ತು, ಅವಳೂ ಕುರ್ಚಿಯೂ ಬಾಗಿಲಿಗೇ ಅಡ್ಡವಾಗಿದ್ದರು. ನೂಕಿದಷ್ಟೂ ಅವಳನ್ನೇ ಜಜ್ಜಿದ ಹಾಗೆ. ಕೀಲು ಬಿಚ್ಚೋಣವೆಂದರೆ ಒಳಕ್ಕೆ ತೆರೆಯುವ ಬಾಗಿಲಿನ ಕೀಲು ಒಳಗೇ ಇರುತ್ತದೆ. ಕಿಟಕಿ ಎಂಬುದು ಸೂರಿನ ಹತ್ತಿರ ಅಂಗೈಯಗಲದ್ದು. ಬಾಗಿಲನ್ನೇ ಕೊಯ್ಯದೆ ಬೇರೆ ದಾರಿಯಿರಲಿಲ್ಲ.

ಗರಗಸ ತಂದ. ಅವಳ ತಲೆ ಎಲ್ಲಿದೆಯೋ ತಿಳಿಯದು, ಜೋರಾಗಿ ಕೊಯ್ಯಲು ಭಯ. ಹಳೆಯ ಸಾಗುವಾನಿ, ದಪ್ಪ ಹಲಗೆ. ಅದರ ಗಟ್ಟಿತನವನ್ನು ಊರಿಗೆಲ್ಲ ಹೊಗಳಿಕೊಂಡವನ ಕೈಗೇ ಅದು ಒಗ್ಗುತ್ತಿಲ್ಲ. ಅಕ್ಕಪಕ್ಕದವರು ಓಡಿಬಂದರು, ಮಗಳು ಓಡಿಬಂದಳು, ಯಾರೋ ಗಾಡಿ ತರಲು ಓಡಿದರು.

"ಮಾತಾಡ್ತಾ ಇರು. ನಿಲ್ಲಿಸ್ಬೇಡ, ಏನಾದ್ರೂ ಮಾತಾಡ್ತಾ ಇರು," ಎಂದು ಅವನು ಒಳಕ್ಕೆ ಕೂಗಿದ.

"ಎಳೆ ನೋಡ್ಕೊಂಡು ಕೊಯ್ಯಿರಿ... ಒಳ್ಳೇ ಮರ," ಎಂದಳು.

"ಮರದ ಮನೆ ಹಾಳಾಗ."

"ಹೊಟ್ಟು ನನ್ನ ಮೇಲೇ ಬೀಳ್ತಿದೆ ರೀ... ಈಗ್ಲೂ." ಅವಳು ನಕ್ಕಳೋ ನರಳಿದಳೋ ತಿಳಿಯಲಿಲ್ಲ. ಸ್ವಲ್ಪ ಬಿಟ್ಟು, "ಮಗಳ ಬ್ಲೌಸು ಮೆಷಿನ್ ಮೇಲಿದೆ. ಒಂದು ತೋಳು ಬಾಕಿ," ಎಂದಳು.

ಆಮೇಲೆ ಅವಳು ಮಾತಾಡಲಿಲ್ಲ. ಗರಗಸದ ಸದ್ದೊಂದೇ ಉಳಿಯಿತು.

ಅವನು ಒಳಗೆ ನುಸುಳಿ ಅವಳನ್ನು ಎತ್ತಿಕೊಂಡಾಗ ಅವಳ ತಲೆ ಅವನ ತೋಳಿನ ಮೇಲೆ ವಾಲಿತು. ನೆತ್ತಿಯ ಪಕ್ಕದಲ್ಲಿ ಸಣ್ಣ ಗಾಯ, ಹೆಚ್ಚು ರಕ್ತವೂ ಬಂದಿರಲಿಲ್ಲ. ತಲೆಯೊಳಗೆ ರಕ್ತ ಸೋರಿದೆ, ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ ನೋಡಬಹುದಿತ್ತು ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಅವಳು ಹೋಗಿಬಿಟ್ಟಳು, ಕಣ್ಣು ಬಿಡದೆಯೇ.

ಬಂದವರೆಲ್ಲ ಬಚ್ಚಲ ನೆಲವನ್ನು ಬೈದರು. ನೀರು ನೆಲ, ಗಾಲಿ ಜಾರಿರಬೇಕು, ಹಣೆಬರಹ ಎಂದರು. ಮೇಡಂ ಕೂಡ ಬಂದು, ಬಾಗಿಲನ್ನೂ ಮೂಲೆಯನ್ನೂ ಒಮ್ಮೆ ನೋಡಿ, ಮಗಳ ಕೈ ಹಿಡಿದು ಅತ್ತು ಹೋದರು. ಅವನೂ ಜಾರಿದ್ದೇ ಎಂದು ನಂಬಿದ. ಬೇಗ ಕೊಯ್ಯಲಾಗಲಿಲ್ಲವಲ್ಲ, ಅಷ್ಟು ಗಟ್ಟಿ ಮರ ಯಾಕೆ ಹಾಕಿದೆ, ಒಳಕ್ಕೆ ಯಾಕೆ ತೆರೆಸಿದೆ ಎಂದು ತಲೆ ಚಚ್ಚಿಕೊಂಡ. ಅದೇ ಅವನಿಗೆ ಬೇಕಾದಷ್ಟಾಗಿತ್ತು.

ಕಾರ್ಯಗಳೆಲ್ಲ ಮುಗಿದವು. ಮಗಳು ಸ್ವಲ್ಪ ದಿನ ಅಪ್ಪನ ಜೊತೆಗೇ ಉಳಿದಳು. ಹೆಣ್ಣುಮಗಳು ಇರುವ ಮನೆಯಲ್ಲಿ ಬಚ್ಚಲಿಗೆ ಬಾಗಿಲಿಲ್ಲದಿದ್ದರೆ ಹೇಗೆ? ಅವನು ಅದೇ ಬಾಗಿಲಿನ ತೂತಿಗೆ ತೇಪೆ ಹಲಗೆ ಹೊಡೆದು, ಹೊಸ ಅಗುಳಿ ಮಾಡಿ, ಇದ್ದ ಜಾಗದಲ್ಲೇ ನಿಲ್ಲಿಸಿದ. ಕೈ ತನ್ನ ಪಾಡಿಗೆ ಮಾಡಿತು, ಮನಸ್ಸು ಎಲ್ಲೋ ಇತ್ತು.

ಕುರ್ಚಿಯನ್ನು ಆಸ್ಪತ್ರೆಗೆ ಕೊಟ್ಟರೆ ಯಾರಿಗಾದರೂ ಆಗುತ್ತದೆ ಎಂದಳು ಮಗಳು. ತೊಳೆದು ಕೊಡೋಣವೆಂದು ಅವನು ಅದನ್ನು ಬಚ್ಚಲಿಗೆ ನೂಕಿಕೊಂಡು ಹೋದ. ನಡುಮನೆಗೆ ನೀರು ಹಾರಬಾರದೆಂದು ಬಾಗಿಲು ಹಾಕಿ ಅಗುಳಿ ಸರಿಸಿದ. ಗಾಲಿಗಳನ್ನು ತೊಳೆದ. ಮಂಡಿ ನೋಯುತ್ತಿತ್ತು. ಒರೆಸಲು ಅನುಕೂಲವಾಗಲೆಂದು ಅದೇ ಕುರ್ಚಿಯಲ್ಲಿ ಕುಳಿತ. ಅವಳಿದ್ದಷ್ಟು ದಿನ ಅವನು ಅದರಲ್ಲಿ ಒಮ್ಮೆಯೂ ಕುಳಿತಿರಲಿಲ್ಲ. ಅಗಲ ಅಳೆದಿದ್ದ, ಎತ್ತರ ಅಳೆದಿದ್ದ, ಗಾಲಿಯಿಂದ ಗಾಲಿಗೆ ಟೇಪು ಹಿಡಿದಿದ್ದ. ಕುಳಿತು ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಕುಳಿತಲ್ಲಿಂದ ಅಗುಳಿಯ ಕಡೆಗೆ ಕೈ ಚಾಚಿದ. ಸಿಗಲಿಲ್ಲ.

ಕುರ್ಚಿಯನ್ನು ಮುಂದಕ್ಕೆ ನೂಕಿದ. ಪಾದದ ಹಲಗೆ ಮೂಲೆಯ ಗೋಡೆಗೆ ಬಡಿದು ನಿಂತಿತು. ಅಗುಳಿ ಇನ್ನೂ ಮೊಣಕಾಲಿನ ಆಚೆ, ಮೂಲೆಯೊಳಗೆ ಇತ್ತು. ಓರೆ ತಿರುಗಿಸಿ ನೋಡಿದ, ಹಿಂದೆ ತಂದು ನೋಡಿದ. ಹೇಗೆ ನಿಲ್ಲಿಸಿದರೂ ಮೊದಲು ಮೂಲೆ ಸಿಗುತ್ತದೆ, ಅಗುಳಿ ಸಿಗುವುದಿಲ್ಲ. ಅಗುಳಿಯ ಪಕ್ಕ ಒಂದು ಮೊಳ ಗೋಡೆ ಇದ್ದಿದ್ದರೆ ಕುರ್ಚಿ ಮುಂದೆ ಹೋಗುತ್ತಿತ್ತು, ಅಗುಳಿ ಮೊಣಕೈಯ ಪಕ್ಕಕ್ಕೇ ಬರುತ್ತಿತ್ತು. ಗೋಡೆಯ ಕಡೆ ಬಗ್ಗಿ ನೋಡಿದ. ಸುಣ್ಣದ ಮೇಲೆ ಪಾದದ ಹಲಗೆ ಬಡಿದ ಗುರುತುಗಳು, ಒಂದರ ಮೇಲೊಂದು. ಅವಳು ದಿನದಿನವೂ ಬಡಿದಿದ್ದಳು. ಮೂಲೆಯಲ್ಲಿ ಅಳತೆಕಡ್ಡಿ ಒರಗಿತ್ತು. ಅದರ ತುದಿಯಿಂದ ಹಳೆಯ ಅಗುಳಿಯ ಮೇಣ ಇನ್ನೂ ಹೋಗಿರಲಿಲ್ಲ. ಟವೆಲ್ ಎಳೆಯಲು ಅಲ್ಲ ಅದು, ಅಗುಳಿ ನೂಕಿ ಹಾಕಿಕೊಳ್ಳಲು. ಕಡ್ಡಿಯಿಂದ ನೂಕಬಹುದು. ಎಳೆಯಲು ಬರುವುದಿಲ್ಲ.

ಎಳೆಯಲು ಅವಳು ಏನು ಮಾಡುತ್ತಿದ್ದಳು? ಅವನು ಕುರ್ಚಿಯ ಅಂಚಿಗೆ ಸರಿದು, ಸೊಂಟ ಮುರಿದು ಮುಂದಕ್ಕೆ ಬಾಗಿ, ತೋಳು ಚಾಚಿದ. ಬೆರಳ ತುದಿ ಅಗುಳಿಗೆ ತಾಗಿತು. ಅದೇ ಕ್ಷಣ ಹಿಂದಿನ ಗಾಲಿಗಳು ನೆಲ ಬಿಟ್ಟು ಎದ್ದವು, ಕುರ್ಚಿ ಮುಂದಕ್ಕೆ ಮಗುಚಿತು. ಅವನ ಕಾಲುಗಳಿಗೆ ಜೀವವಿತ್ತು, ನೆಲಕ್ಕೆ ಊರಿ ತಡೆದುಕೊಂಡ.

ನೆಲ ಜಾರಿರಲಿಲ್ಲ.

ಅವನ ಗಂಟಲಿನಿಂದ ಬಂದದ್ದು ಅಳುವೋ ಕೂಗೋ, ಮಗಳು ಬಂದು ಬಾಗಿಲು ಬಡಿದಳು.

"ಅಪ್ಪ! ಏನಾಯ್ತು? ತೆಗಿ ಅಪ್ಪ!"

ಅವನು ಎದ್ದು ನಿಂತು ಅಗುಳಿ ಸರಿಸಿದ. ನಿಂತವರಿಗೆ ಅದು ಬೆರಳಿಗೇ ಸಿಗುತ್ತದೆ. ಮಗಳನ್ನು ದಾಟಿಕೊಂಡು ಶೆಡ್ಡಿಗೆ ಹೋದ. ಮೆಷಿನ್ನಿನ ಮೇಲೆ ಒಂದು ತೋಳಿನ ಬ್ಲೌಸು ಹಾಗೇ ಇತ್ತು. ಅವಳ ಡಬ್ಬ ತೆಗೆದು, ಬಿಳಿ ಲಾಡಿಯ ಸುರುಳಿಯಿಂದ ಉದ್ದಕ್ಕೆ ಒಂದು ತುಂಡು ಕತ್ತರಿಸಿ ತಂದ. ಅಗುಳಿಗೆ ಬಿಗಿಯಾಗಿ ಗಂಟು ಹಾಕಿದ. ಮಗಳನ್ನು ಹೊರಗೆ ನಿಲ್ಲಿಸಿ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಕುರ್ಚಿಯನ್ನು ಹಿಂದಕ್ಕೆ ತಂದು ಮತ್ತೆ ಅದರಲ್ಲಿ ಕುಳಿತ.

ನೆಟ್ಟಗೆ ಕುಳಿತೇ ಲಾಡಿ ಎಳೆದ. ಅಗುಳಿ ಸದ್ದಿಲ್ಲದೆ ಜಾರಿತು. ಇನ್ನೊಂದಿಷ್ಟು ಎಳೆದ. ಬಾಗಿಲು ತಾನಾಗಿ ಅವನ ಕಡೆಗೆ ತೆರೆದುಕೊಂಡು ಬಂತು.

ಮಗಳು ಎದುರಿಗೆ ನಿಂತಿದ್ದಳು. ಅಪ್ಪನ ಕೈಯಲ್ಲಿದ್ದ ಲಾಡಿಯನ್ನೂ ಅವನ ಮುಖವನ್ನೂ ನೋಡಿ, "ಅಪ್ಪ, ಇದೆಲ್ಲ ಯಾಕೆ ಈಗ?" ಎಂದಳು.

"ನಿಮ್ಮಮ್ಮ ಕೇಳಿದ್ಲು ಕಣಮ್ಮ," ಎಂದ ಅವನು, ಲಾಡಿಯನ್ನು ಬಿಡದೆ. "ಒಂದೇ ಒಂದು ಸಲ ಕೇಳಿದ್ಲು."